ಹಳೆಗೋವಾದ ಕ್ರೈಸ್ತ ಕಲಾ ಸಂಗ್ರಹಾಲಯ

ಚರ್ಚಿನ ವಸ್ತುಗಳು ಸಾಮಾನ್ಯವಾಗಿ ಬಳಕೆ ತಪ್ಪಿದ ಮೇಲೆಯೇ ಸಂಗ್ರಹಾಲಯಕ್ಕೆ ಬರುತ್ತವೆ. ಗೋವಾದಲ್ಲಿ ಅವು ಎರಡು ಸಲ, ಬೇರೆ ಬೇರೆ ಕಾರಣಗಳಿಂದ ಬಳಕೆ ತಪ್ಪಿದವು. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಂಘಗಳನ್ನು ರದ್ದುಪಡಿಸಿತು. ಆ ಆಜ್ಞೆ ಮರುವರ್ಷ ಗೋವಾದಲ್ಲಿ ಜಾರಿಗೆ ಬಂದು ಮಠಗಳು ಬರಿದಾದವು, ದೇಖರೇಖಿಯಿಲ್ಲದ ಸಂತ ಅಗಸ್ತಿನರ ಚರ್ಚಿನ ಕಮಾನು ಚಾವಣಿ 1842ರಲ್ಲಿ ಕುಸಿಯಿತು. ಎರಡನೆಯದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ಬದಲಾವಣೆ: ಬಲಿಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗಳಿಗೆ ಬಂದಿತು, ಗುರುಗಳು ಭಕ್ತರತ್ತ ಮುಖಮಾಡಿ ನಿಂತರು, ಹಳೆಯ ಪೂಜಾವಸ್ತ್ರ, ಬೆಳ್ಳಿಯ ದೀಪ, ದಂತದ ಮೂರ್ತಿಗಳಲ್ಲಿ ಹಲವು ಕಪಾಟು ಸೇರಿದವು. ಈ ಬದಲಾವಣೆಗೆ ದಾರಿ ತೆರೆದ 1963ರ ಆರಾಧನಾ ಸಂವಿಧಾನವೇ ಪವಿತ್ರ ವಸ್ತುಗಳು ಪರರ ಕೈಸೇರದಂತೆ ನೋಡಿಕೊಳ್ಳಬೇಕೆಂದು ಧರ್ಮಾಧ್ಯಕ್ಷರಿಗೆ ಸೂಚಿಸಿತ್ತು. 1971ರಲ್ಲಿ ರೋಮ್ ಮತ್ತೊಮ್ಮೆ ಅದನ್ನೇ ಸುತ್ತೋಲೆಯಲ್ಲಿ ಹೇಳಬೇಕಾಯಿತೆಂದರೆ, ಮೊದಲ ಸೂಚನೆಗೆ ಎಷ್ಟು ಬೆಲೆ ಸಿಕ್ಕಿತ್ತೆಂಬುದನ್ನು ಊಹಿಸಬಹುದು.

ಗೋವಾದ ಕ್ರೈಸ್ತ ಕಲಾ ಸಂಗ್ರಹಾಲಯ 1994ರಲ್ಲಿ ರಾಶೋಲದ ಗುರುಮಠದಲ್ಲಿ, ಅಂದರೆ ಗುರುಗಳಾಗಲಿರುವವರಿಗೆ ತರಬೇತಿ ಕೊಡುವ ವಿದ್ಯಾಮಂದಿರದಲ್ಲಿ, ಆರಂಭವಾಗಿ 2002ರಲ್ಲಿ ಹಳೆಗೋವಾದ ಸಾಂತಾ ಮೋನಿಕಾ ಕನ್ಯಾಮಠಕ್ಕೆ ಸ್ಥಳಾಂತರಗೊಂಡಿತು. ಅಗಸ್ತಿನಿಯನ್ ಸಂಘದವರಾಗಿದ್ದ ಮಹಾಧರ್ಮಾಧ್ಯಕ್ಷ ಅಲೆಯ್ಷೊ ದೆ ಮೆನೆಜೆಸ್ 1606ರಲ್ಲಿ ಸ್ಥಾಪಿಸಿದ ಈ ಮಠ 1636ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಲ್ಪಟ್ಟಿತು. 1835ರ ನಂತರ ಹೊಸಬರ ಸೇರ್ಪಡೆಗೆ ತಡೆಬಿದ್ದರೂ ಇದ್ದ ಸನ್ಯಾಸಿನಿಯರನ್ನು ಹೊರಹಾಕಲಿಲ್ಲವಾದ್ದರಿಂದ, ಕೊನೆಯವರು 1885ರಲ್ಲಿ ತೀರಿಕೊಳ್ಳುವವರೆಗೂ ಮಠ ನಿಧಾನವಾಗಿ ಖಾಲಿಯಾಗುತ್ತ ಹೋಯಿತು. ಸ್ಥಳಾಂತರ ಸರಿಯಾದ ನಿರ್ಧಾರವೇ ಆಗಿತ್ತು: ಯಾತ್ರಿಕರು ಹೇಗೂ ಬರುವ ಊರಿನಲ್ಲಿ, ಪ್ರಾರ್ಥನೆಗೆಂದೇ ಕಟ್ಟಿದ ಗೋಡೆಗಳ ನಡುವೆ ಪೂಜಾಸಾಮಗ್ರಿ ನೋಡುಗರಿಗೆ ತನ್ನ ಅರ್ಥವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಅಲ್ಲಿನ ಪೆಲಿಕನ್ ಪಕ್ಷಿಯ ಆಕೃತಿಯ ಪ್ರಸಾದಪಾತ್ರೆಯನ್ನೇ ನೋಡಬಹುದು. ತನ್ನ ಎದೆ ಬಗೆದು ರಕ್ತದಿಂದ ಮರಿಗಳನ್ನು ಸಾಕುತ್ತದೆಂಬ ಐತಿಹ್ಯದಿಂದಾಗಿ ಆ ಪಕ್ಷಿ ಕ್ರಿಸ್ತನ ಸಂಕೇತವಾಯಿತೆಂದು ತಿಳಿಯದವರಿಗೆ ಅದು ಕೇವಲ ಕುಸುರಿಯ ಕೆಲಸ.

ಈ ತಿಳಿವನ್ನು ಒದಗಿಸುವುದೇ ಚರ್ಚಿನ ಸಂಗ್ರಹಾಲಯದ ಪಾಲನಾ ಕರ್ತವ್ಯ, ಅಂದರೆ ಭಕ್ತರ ವಿಶ್ವಾಸವನ್ನು ಪೋಷಿಸುವ ಸೇವೆ, ಎಂಬುದು 2001ರ ಆಗಸ್ಟ್ 15ರಂದು ವ್ಯಾಟಿಕನ್ನಿನ ಸಾಂಸ್ಕೃತಿಕ ಪರಂಪರೆಯ ಆಯೋಗ ಹೊರಡಿಸಿದ ಸುತ್ತೋಲೆಯ ನಿಲುವು. ಅದರ ಪ್ರಕಾರ ಇಂಥ ಸಂಗ್ರಹಾಲಯ ಬಳಸದ ವಸ್ತುಗಳ ಉಗ್ರಾಣವಲ್ಲ. ಧರ್ಮಕ್ಷೇತ್ರದ ಆರಾಧನೆ, ಧರ್ಮಬೋಧೆಗಳೊಡನೆ ಅದರ ನಂಟು ಉಳಿದಿರಬೇಕು.

ಗೋವಾದ ಮಟ್ಟಿಗೆ ಈ ನಂಟಿನ ಮಾತು ಇನ್ನೊಂದು ತೊಡಕಿನ ಇತಿಹಾಸವನ್ನು ಎದುರಿಸಬೇಕಾಗುತ್ತದೆ. 1567ರ ಗೋವಾ ಪ್ರಾಂತೀಯ ಧರ್ಮಸಭೆ ಕ್ರೈಸ್ತ ಮೂರ್ತಿ, ಪೂಜಾಪಾತ್ರೆಗಳನ್ನು ಹಿಂದೂ ಕುಶಲಕರ್ಮಿಗಳಿಂದ ಮಾಡಿಸಕೂಡದೆಂದು ವಿಧಿಸಿತು. ನಡೆಯದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ದಂತದಲ್ಲಿ ಕೆತ್ತಿದ ಬಾಲಯೇಸು, ಒಳ್ಳೆಯ ಕುರುಬ ಮುಂತಾದ ಇಂಡೋ-ಪೋರ್ಚುಗೀಸ್ ಮೂರ್ತಿಗಳಲ್ಲಿ ಕಣ್ಣು ಮುಚ್ಚಿ ಧ್ಯಾನದಲ್ಲಿ ಕುಳಿತ ಭಂಗಿ ಕಂಡಾಗ, ಯುರೋಪಿನ ಮಾದರಿಯನ್ನು ಯಾವ ಕೈಗಳು ತಮ್ಮದಾಗಿಸಿಕೊಂಡವೆಂಬ ಪ್ರಶ್ನೆ ಏಳುತ್ತದೆ. ಆ ಶಿಲ್ಪಿಗಳಲ್ಲಿ ಬಹುತೇಕರು ಹೆಸರು ಉಳಿಸಿಹೋಗಲಿಲ್ಲ. ವಿಶ್ವಾಸದ ಪರಂಪರೆಯನ್ನು ವಿವರಿಸಹೊರಟ ಸಂಗ್ರಹಾಲಯ ಆ ವಿಶ್ವಾಸಕ್ಕೆ ಸೇರದೆಯೂ ಅದಕ್ಕೆ ರೂಪ ಕೊಟ್ಟವರ ಪಾಲನ್ನೂ ಅದೇ ವಿವರಣೆಯೊಳಗೆ ಹೇಳಬೇಕಾಗುತ್ತದೆ.