ಬೆತ್ತ ಹರಿದರೆ ಕುರ್ಚಿ ಸಾಯುವುದಿಲ್ಲ



ದನಿಯಲ್ಲಿ ಸಿಗುವ ನಿಮ್ಮ ಗೆಳತಿ ಈ ಪುಟದಲ್ಲಿ ಅಕ್ಷರದಲ್ಲಿ ಸಿಗುತ್ತಿದ್ದಾಳೆ. ಈ ಸಲ ಹೇಳಹೊರಟಿರುವುದು ಒಂದು ಕುರ್ಚಿಯ ಇತಿಹಾಸ. ಗಾಬರಿಯಾಗಬೇಡಿ, ವಿಧಾನಸೌಧದ ಕುರ್ಚಿಯಲ್ಲ! ಮರದ ಚೌಕಟ್ಟು, ನಡುವೆ ಜೇನುಗೂಡಿನಂತೆ ಸಣ್ಣ ಸಣ್ಣ ಕಿಂಡಿಗಳಿರುವ ಬೆತ್ತದ ಹೆಣಿಗೆ. ಊರ ಮನೆಯ ಜಗಲಿಯಲ್ಲಿ ಅಜ್ಜ ಪೇಪರ್ ಓದುತ್ತಿದ್ದ, ಅಜ್ಜ ಎದ್ದು ಹೋದಾಗ ಮಕ್ಕಳೆಲ್ಲ ಮುಗಿಬೀಳುತ್ತಿದ್ದ ಆ ಕುರ್ಚಿ.

ಅದರ ಮಾತು ಈಗೇಕೆ ಅಂತೀರಾ? ಮುಂಬೈಯಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಊರ ಮನೆಗಳು ಒಂದೊಂದಾಗಿ ಕೈಬದಲಾಗುತ್ತಿವೆ. ಮನೆ ಮಾರುವಾಗ ಪಾತ್ರೆ ಪಗಡಿಗೆ ಪಾಲು ಕೇಳುವವರಿದ್ದಾರೆ. ಹರಿದ ಬೆತ್ತದ ಕುರ್ಚಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಗುಜರಿಯವನ ಗಾಡಿ ಹತ್ತುತ್ತದೆ. ಹತ್ತಿಸುವ ಮೊದಲು ಅದರ ಕಥೆಯನ್ನೊಮ್ಮೆ ಕೇಳಿಬಿಡಿ.

ಮೊದಲು ಬೆತ್ತವೆಂದರೇನು? ಶಾಲೆಯಲ್ಲಿ ಮೇಷ್ಟ್ರ ಕೈಯಲ್ಲಿ ಕಂಡವರಿಗೆ ಪರಿಚಯ ಬೇಡ! ಅನೇಕರು ಅದನ್ನು ಬಿದಿರಿನ ತಮ್ಮ ಎಂದುಕೊಂಡಿದ್ದಾರೆ. ಅಲ್ಲ. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಬೆತ್ತ ತಾಳೆಯ ಜಾತಿ, ಒಳಗೆ ಗಟ್ಟಿ. ಮುಳ್ಳಿನ ಕೊಕ್ಕೆ ಹಾಕಿಕೊಂಡು ಕಾಡಿನ ಮರಗಳ ಮೇಲೆ ಬಳ್ಳಿಯಂತೆ ಹಬ್ಬುತ್ತದೆ. ಜಗತ್ತಿನಲ್ಲಿ ಸುಮಾರು 600 ಬಗೆಯ ಬೆತ್ತಗಳಿವೆ. ಆಗ್ನೇಯ ಏಷ್ಯಾ ಅದರ ತವರು. ನಮ್ಮ ಪಶ್ಚಿಮ ಘಟ್ಟ, ಈಶಾನ್ಯ ರಾಜ್ಯಗಳು ಮತ್ತು ಅಂಡಮಾನಿನಲ್ಲೂ ಬೆಳೆಯುತ್ತದೆ. ಹೊರಗಿನ ಹೊಳೆಯುವ ಸಿಪ್ಪೆಯನ್ನು ಎಳೆಎಳೆಯಾಗಿ ಸೀಳಿದರೆ ಕುರ್ಚಿ ಹೆಣೆಯುವ ಪಟ್ಟಿ ಸಿದ್ಧ.

ಹೆಣೆಯುವ ಕಸುಬು ಕನ್ನಡ ನಾಡಿಗೆ ಹೊಸದೇನಲ್ಲ. ಬಿದಿರು ಬೆತ್ತಗಳಲ್ಲಿ ಬುಟ್ಟಿ, ಮೊರ ಹೆಣೆಯುವ ಮೇದಾರರು ನಮ್ಮ ಊರೂರಲ್ಲೂ ಇದ್ದರು. 12ನೇ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನ ಹೆಸರಿದೆ. ಆದರೆ ಮರದ ಚೌಕಟ್ಟಿಗೆ ತೂತು ಕೊರೆದು ಬೆತ್ತ ಹೆಣೆದ ಈ ಕುರ್ಚಿ ಸಮುದ್ರ ಸುತ್ತಿ ಬಂದದ್ದು.

1660ರ ದಶಕ. ಇಂಗ್ಲೆಂಡಿಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಪೂರ್ವದೇಶದ ಬೆತ್ತ ಬರತೊಡಗಿತು. ಲಂಡನ್ನಿನ ಬಡಗಿಗಳು ಅದನ್ನು ಕುರ್ಚಿಗೆ ಹೆಣೆದರು. ಅಲ್ಲಿಯವರೆಗೆ ಅನುಕೂಲಸ್ಥರ ಮನೆಯಲ್ಲಿ ಉಣ್ಣೆ ಬಟ್ಟೆ ಹೊದಿಸಿದ ಭಾರದ ಕುರ್ಚಿಗಳು. ಬೆತ್ತದ್ದು ಹಗುರ, ಅಗ್ಗ. ಜನ ಮುಗಿಬಿದ್ದರು. ಉಣ್ಣೆ ವ್ಯಾಪಾರಿಗಳಿಗೆ ಹೊಟ್ಟೆಗೆ ಬಿತ್ತು ಏಟು. 1680ರ ದಶಕದಲ್ಲಿ ಬೆತ್ತದ ಕುರ್ಚಿಯನ್ನು ನಿಲ್ಲಿಸಿ ಎಂದು ಪಾರ್ಲಿಮೆಂಟಿಗೆ ಮನವಿ ಹೋಯಿತು. ಕುರ್ಚಿ ಮಾಡುವವರು ಸುಮ್ಮನಿದ್ದಾರೆಯೇ? ನಮ್ಮ ಕುರ್ಚಿ ಹಗುರ, ಬಾಳಿಕೆಯದು, ಧೂಳು ಹಿಡಿಯದು, ನುಸಿ ಸೇರದು ಎಂದು ಅವರೂ ವಾದ ಹೂಡಿದರು. ಮುನ್ನೂರು ಚಿಲ್ಲರೆ ವರ್ಷದ ಹಿಂದಿನ ಆ ವಾದದಲ್ಲಿ ಇವತ್ತಿಗೂ ಒಂದಕ್ಷರ ತಿದ್ದಬೇಕಿಲ್ಲ.

ಬಿಳಿಯರು ಇಲ್ಲಿ ಮನೆ ಕಟ್ಟಿಕೊಂಡಾಗ ಈ ಕುರ್ಚಿಯ ನಿಜವಾದ ಬೆಲೆ ತಿಳಿಯಿತು. ನಮ್ಮ ಸೆಕೆಯಲ್ಲಿ ಮೆತ್ತೆಯ ಆಸನ ಬೆವರಿನ ಮುದ್ದೆ. ಬೆತ್ತದ ಕಿಂಡಿಗಳಲ್ಲಾದರೆ ಗಾಳಿ ಆಡುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ ನೀವು ನೋಡಿರಬಹುದು: ಉದ್ದ ಕೈಗಳ, ಕಾಲು ಚಾಚಿ ಒರಗುವ ಆರಾಮಕುರ್ಚಿ. ದೊರೆಗಳು ಹೋದರು, ಕುರ್ಚಿ ನಮ್ಮ ಜಗಲಿಗೆ ಬಂತು.

ಅತ್ತ ವಿಯೆನ್ನಾದಲ್ಲಿ ಮೈಕಲ್ ಥೋನೆಟ್ ಎಂಬಾತ ಬೀಚ್ ಮರವನ್ನು ಹಬೆಯಲ್ಲಿ ಮೆತ್ತಗಾಗಿಸಿ ಬಗ್ಗಿಸುವ ವಿದ್ಯೆ ಸಾಧಿಸಿದ. 1859ರಲ್ಲಿ ಅವನ 14ನೇ ನಂಬರಿನ ಕುರ್ಚಿ ಬಂತು. ಆರೇ ಆರು ಮರದ ತುಂಡು, ಕೆಲವು ಸ್ಕ್ರೂ, ಬೆತ್ತದ ಆಸನ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು! ನಮ್ಮ ಮುಂಬೈಯ ಇರಾನಿ ಹೋಟೆಲುಗಳಲ್ಲಿ ಬನ್ ಮಸ್ಕಾ ತಿನ್ನುತ್ತಾ ನೀವು ಕೂರುವ ಕಪ್ಪು ಕುರ್ಚಿ ಇದೇ ವಂಶದ್ದು. ಕೆಲವಕ್ಕೆ ಬೆತ್ತದ ಆಸನ, ಕೆಲವಕ್ಕೆ ಹಲಗೆಯದು, ಅಷ್ಟೇ ವ್ಯತ್ಯಾಸ.

ಈಗ ಕಥೆಯ ಮುಖ್ಯ ಘಟ್ಟಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಚಂಡೀಗಢ ಎದ್ದಿತು. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬಂದು ಹೋಗಿ ಮಾಡುತ್ತಿದ್ದರೆ, ಅವರ ದಾಯಾದಿ ಪಿಯರ್ ಜೆನ್ನರೆ 1951ರಿಂದ 1965ರವರೆಗೆ ಅಲ್ಲೇ ನೆಲೆಸಿದರು. ಕಚೇರಿ, ಕಾಲೇಜು, ಗ್ರಂಥಾಲಯಗಳಿಗೆಲ್ಲ ಪೀಠೋಪಕರಣ ಬೇಕಲ್ಲ? ಜೆನ್ನರೆ ಮತ್ತು ಊರ್ಮಿಳಾ ಯೂಲಿ ಚೌಧರಿಯಂಥ ಭಾರತೀಯ ಸಹೋದ್ಯೋಗಿಗಳು ಸೇರಿ ವಿನ್ಯಾಸ ಮಾಡಿದರು. ಕೈಗೆ ಸಿಗುವ ತೇಗ, ಬೀಟೆ ಜಾತಿಯ ಶೀಶಂ ಮರ, ಬೆತ್ತದ ಹೆಣಿಗೆ, ಸ್ಥಳೀಯ ಬಡಗಿಗಳ ಕೈಚಳಕ. ತಲೆಕೆಳಗಾದ ವಿ ಅಕ್ಷರದಂಥ ಕಾಲುಗಳ ಆ ಕುರ್ಚಿಗಳು ಸಾವಿರಗಟ್ಟಲೆ ತಯಾರಾದವು. ಜೆನ್ನರೆ 1967ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖ್ನಾ ಸರೋವರದಲ್ಲೇ ಬಿಡಲಾಯಿತು.

ಆಮೇಲೇನಾಯಿತು ಗೊತ್ತೇ? ವರ್ಷಗಳು ಕಳೆದಂತೆ ಬೆತ್ತ ಹರಿಯಿತು. ಹೆಣೆಸುವ ಗೋಜಿಗೆ ಹೋಗದೆ ಕುರ್ಚಿಗಳನ್ನು ಕಚೇರಿಗಳ ತಾರಸಿಯ ಮೇಲೆ ರಾಶಿ ಹಾಕಿದರು. ಮಳೆ ಬಿಸಿಲಿಗೆ ಬಿದ್ದವು. ಕೊನೆಗೆ ಗುಜರಿ ಬೆಲೆಗೆ ಹರಾಜು. ಕೊಂಡವರಲ್ಲಿ ವಿದೇಶಿ ವ್ಯಾಪಾರಿಗಳೂ ಇದ್ದರು. ಮರ ತಿಕ್ಕಿ, ಹೊಸ ಬೆತ್ತ ಹೆಣೆಸಿ, ಪ್ಯಾರಿಸ್, ನ್ಯೂಯಾರ್ಕಿನ ಹರಾಜಿನಲ್ಲಿಟ್ಟರು. ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾದವು. ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ ಮತ್ತು ರಫ್ತನ್ನು ತಡೆಯಲು ಆದೇಶ ಹೊರಡಿಸಿದ್ದು 2011ರಲ್ಲಿ. ಅಷ್ಟರೊಳಗೆ ಕುದುರೆ ಲಾಯ ಬಿಟ್ಟಾಗಿತ್ತು.

ಗಮನಿಸಿ, ಮರ ಕೆಟ್ಟಿರಲಿಲ್ಲ. ಕೆಟ್ಟದ್ದು ಬೆತ್ತ ಮಾತ್ರ. ತೇಗದ ಮೈಯೊಳಗೇ ಎಣ್ಣೆಯಂಶವಿದೆ, ಗೆದ್ದಲು ಸುಲಭಕ್ಕೆ ಮುಟ್ಟದು. ನಮ್ಮ ಮುಂಬೈ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಈಗಲೂ ತೇಲುತ್ತಿದೆ. ಮರ ತಲೆಮಾರುಗಳ ಕಾಲದ್ದು, ಬೆತ್ತ ಕೆಲವು ವರ್ಷಗಳದ್ದು. ಹರಿದಾಗ ಮತ್ತೆ ಹೆಣೆಸಬೇಕೆಂದೇ ಈ ಕುರ್ಚಿ ಹುಟ್ಟಿದೆ. ಚಪ್ಪಲಿಯ ಉಂಗುಷ್ಠ ಕಿತ್ತರೆ ಕಾಲನ್ನು ಎಸೆಯುತ್ತೇವೆಯೇ?

ಹಾಗಾದರೆ ಹೆಣೆಯುವವರೆಲ್ಲಿ? ಒಂದು ಕಾಲದಲ್ಲಿ ಈ ಕೆಲಸವನ್ನು ಅಂಧರ ಶಾಲೆಗಳಲ್ಲಿ ಕಲಿಸುತ್ತಿದ್ದರು. ಎರಡು ಉದ್ದ, ಎರಡು ಅಡ್ಡ, ಎರಡು ಓರೆ, ಕೊನೆಗೆ ಅಂಚಿನ ಕಟ್ಟು. ಬೆರಳಿಗೆ ಲೆಕ್ಕ ಸಿಕ್ಕರೆ ಕಣ್ಣಿನ ಹಂಗಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಕುರ್ಚಿ ಹೆಣೆಯುವ ಹುದ್ದೆಗೆ ದೃಷ್ಟಿಯಿಲ್ಲದವರನ್ನು ನೇಮಿಸಿಕೊಳ್ಳುತ್ತಿದ್ದರು. ಕಚೇರಿಗೆ ಗಿರಗಿರ ತಿರುಗುವ ಸ್ಪಂಜಿನ ಕುರ್ಚಿ, ಮನೆಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಆ ಬೆರಳುಗಳಿಗೆ ಕೆಲಸ ಕಡಿಮೆಯಾಯಿತು. ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದರೆ ರಿಪೇರಿಯಿಲ್ಲ. ರಿಪೇರಿಯಿಲ್ಲದ ವಸ್ತುವಿಗೆ ಕುಶಲಕರ್ಮಿಯೂ ಬೇಡ. ನೀವು ಒಂದು ಕುರ್ಚಿ ಹೆಣೆಸಿದರೆ ಉಳಿಯುವುದು ಕುರ್ಚಿಯೊಂದೇ ಅಲ್ಲ, ಆ ವಿದ್ಯೆಯೂ ಉಳಿಯುತ್ತದೆ.

ಇನ್ನು ಕೊಳ್ಳುವವರಿಗೆ ನಾಲ್ಕು ಮಾತು. ಜೋಗೇಶ್ವರಿಯ ಹಳೆ ಪೀಠೋಪಕರಣದ ಅಂಗಡಿಗಳಿಗೆ ಹೋದರೆ ಕುರ್ಚಿಯನ್ನು ಮೊದಲು ಮಗುಚಿ ನೋಡಿ. ಚೌಕಟ್ಟಿನ ಸುತ್ತ ಸಾಲು ತೂತುಗಳಿದ್ದರೆ ಕೈಹೆಣಿಗೆಯದು. ಸುತ್ತ ಒಂದು ಕಾಲುವೆ ತೋಡಿ ಪಟ್ಟಿ ಒತ್ತಿದ್ದರೆ ಯಂತ್ರದಲ್ಲಿ ನೇಯ್ದ ಹಾಳೆ ಕೂರಿಸಿದ್ದು. ಎರಡೂ ರಿಪೇರಿಯಾಗುತ್ತವೆ, ಆದರೆ ರಿಪೇರಿಯ ದಾರಿ ಬೇರೆ. ಎಳೆಯಲ್ಲಿ ಅಲ್ಲಲ್ಲಿ ಗೆಣ್ಣು, ಬಣ್ಣದಲ್ಲಿ ತುಸು ಏರುಪೇರು ಕಂಡರೆ ಅಸಲಿ ಬೆತ್ತ. ಎರಡೂ ಬದಿ ಒಂದೇ ಹೊಳಪಿದ್ದರೆ ಪ್ಲಾಸ್ಟಿಕ್ ಎಂದು ತಿಳಿಯಿರಿ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗಿದೆ, ಬಿಟ್ಟುಬಿಡಿ. ಕೈ ಹಿಡಿದು ಅಲ್ಲಾಡಿಸಿ. ಬೆತ್ತ ಹರಿದಿದ್ದರೆ ಚಿಂತೆಯಿಲ್ಲ, ಕೀಲು ಸಡಿಲವಾಗಿದ್ದರೆ ಬೆಲೆ ಇಳಿಸಿ ಕೇಳಿ.

ಮನೆಯಲ್ಲಿರುವವರಿಗೆ ಇನ್ನೊಂದು ಗುಟ್ಟು. ಆಸನ ಜೋತುಬಿದ್ದಿದೆಯೇ, ಎಳೆ ಹರಿದಿಲ್ಲವೇ? ಕುರ್ಚಿ ಮಗುಚಿ, ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೆಳಬದಿಯನ್ನು ಚೆನ್ನಾಗಿ ಒದ್ದೆ ಮಾಡಿ. ಮೇಲಿನ ಹೊಳಪಿನ ಬದಿ ನೀರು ಹೀರದು, ಕೆಳಗಿನದು ಹೀರುತ್ತದೆ. ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಯಾರೂ ಕೂರಬೇಡಿ. ಒಣಗುತ್ತಾ ಬೆತ್ತ ಕುಗ್ಗಿ ಮತ್ತೆ ಬಿಗಿಯಾಗುತ್ತದೆ. ಏ.ಸಿ. ಕೋಣೆಯ ಒಣಹವೆಯಲ್ಲಿ ಬೆತ್ತ ಸೆಟೆದು ಮುರಿಯುತ್ತದೆ, ಆಗಾಗ ಒದ್ದೆ ಬಟ್ಟೆ ಆಡಿಸಿ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಹೊರಗೋಡೆಯಿಂದ ನಾಲ್ಕು ಬೆರಳು ದೂರವಿಡಿ, ಬೂಷ್ಟು ಕಂಡರೆ ಒಣಬಟ್ಟೆಯಿಂದ ಒರೆಸಿ ಗಾಳಿಗಿಡಿ. ಮುಖ್ಯವಾಗಿ, ಫ್ಯಾನ್ ಒರೆಸಲು ಅದರ ಮೇಲೆ ಹತ್ತಬೇಡಿ. ಅದು ಕೂರುವವರ ಭಾರ ಹೊರುತ್ತದೆ, ನಿಂತವರ ಪಾದವನ್ನಲ್ಲ.

ಈ ರಜೆಯಲ್ಲಿ ಊರಿಗೆ ಹೋಗುವವರು ಅಟ್ಟದ ಮೇಲೊಮ್ಮೆ ಕಣ್ಣಾಡಿಸಿ ಬನ್ನಿ. ಕಾಲು ಗಟ್ಟಿಯಿದ್ದು ಬೆತ್ತ ಮಾತ್ರ ಹರಿದ ಕುರ್ಚಿ ಸಿಕ್ಕಿತೋ, ಗುಜರಿಯವನಿಗೆ ಇಲ್ಲವೆನ್ನಿ. ಹೆಣೆಯುವವರು ಸಿಕ್ಕರೆ ಅವರು ಕೂರುವ ಜಾಗವನ್ನು ನಮಗೆ ಬರೆದು ತಿಳಿಸಿ. ಕಾರ್ಯಕ್ರಮದಲ್ಲಿ ಹೇಳುತ್ತೇವೆ, ಇನ್ನೊಬ್ಬ ಕೇಳುಗರ ಕುರ್ಚಿಯೂ ಉಳಿದೀತು.

ಮತ್ತೆ ದನಿಯಲ್ಲಿ ಭೇಟಿಯಾಗೋಣ. ಕೇಳುತ್ತಿರಿ.