ಹತ್ತು ಮೀಟರಿನ ಪಾಠ

ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ ನೇತ್ರಾಣಿ ದ್ವೀಪ. ಚಿತ್ರೀಕರಣಕ್ಕೆಂದು ನಾವು ಅಲ್ಲಿಗೆ ಹೊರಟಾಗ ದೋಣಿಯಲ್ಲಿ ಒಂದು ಕುಟುಂಬವೂ ಇತ್ತು. ಹವಳ ನೋಡಲು ಸಜ್ಜಾಗಿದ್ದ ಕಾಲೇಜು ಹುಡುಗ ಕೇಳಿದ: "ಹತ್ತೇ ಮೀಟರ್ ಅಲ್ವಾ ಅಪ್ಪ, ಅಷ್ಟಕ್ಕೆ ಇಷ್ಟೊಂದು ನಿಯಮ ಯಾಕೆ?"

ವಿದ್ಯಾರ್ಥಿ ಮಿತ್ರರೇ, ಉತ್ತರ ಇತಿಹಾಸದಲ್ಲಿದೆ.

ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರ ಕುಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸೇತುವೆಗಳ ಬುನಾದಿಗಾಗಿ ಒತ್ತಡದ ಗಾಳಿ ತುಂಬಿದ ಕೋಣೆಗಳಲ್ಲಿ ದುಡಿದ ಕಾರ್ಮಿಕರು ಹೊರಬಂದೊಡನೆ ಕೀಲುನೋವು, ಪಾರ್ಶ್ವವಾಯುಗಳಿಗೆ ತುತ್ತಾದರು, ಕೆಲವರು ಸತ್ತರು. ರಕ್ತದಲ್ಲಿ ಏಳುವ ಸಾರಜನಕದ ಗುಳ್ಳೆಗಳೇ ಕಾರಣವೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ವಿವರಿಸಿದರು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಮೇಕೆಗಳ ಮೇಲೆ ಪ್ರಯೋಗ ನಡೆಸಿ, ಆಳದಿಂದ ಹಂತಹಂತವಾಗಿ ಮೇಲೇರುವ ಕ್ರಮವನ್ನು 1908ರಲ್ಲಿ ಪ್ರಕಟಿಸಿದರು.

ಹಾಗಾದರೆ ಆಳವಿಲ್ಲದ ನೀರು ಸುರಕ್ಷಿತವೇ? ಅಲ್ಲ. ಜಲಾಂತರ್ಗಾಮಿಯಿಂದ ಪಾರಾಗುವ ತರಬೇತಿಯಲ್ಲಿ ಶ್ವಾಸಕೋಶ ಹರಿದು, ಗಾಳಿ ರಕ್ತಕ್ಕೆ ನುಗ್ಗಿದ ಪ್ರಕರಣಗಳನ್ನು ಅಮೆರಿಕದ ನೌಕಾಪಡೆಯ ವೈದ್ಯರು 1932ರಲ್ಲಿ ವರದಿ ಮಾಡಿದರು. ಲೆಕ್ಕ ಸರಳ: ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರಿನಿಂದ 20ಕ್ಕೆ ಏರಿದರೆ ಗಾಳಿ ಮೂರನೇ ಒಂದು ಭಾಗ ಮಾತ್ರ ಹಿಗ್ಗುತ್ತದೆ. ಕೊನೆಯ 10 ಮೀಟರಿನಲ್ಲಿ ಅದು ಇಮ್ಮಡಿಯಾಗುತ್ತದೆ!

ಕೂಸ್ಟೊ ಮತ್ತು ಗಾನ್ಯಾನ್ 1943ರಲ್ಲಿ ರೂಪಿಸಿದ 'ಆಕ್ವಾಲಂಗ್' ಉಪಕರಣದಿಂದ ಮುಂದೆ ಸಾಮಾನ್ಯರಿಗೂ ಹವಳದ ಲೋಕ ತೆರೆಯಿತು. ಜೊತೆಗೆ ಮೊದಲ ನಿಯಮವೂ ಬಂತು: ಸಿಲಿಂಡರಿನ ಗಾಳಿ ಸೇವಿಸುವಾಗ ಉಸಿರು ಬಿಗಿಹಿಡಿಯಬೇಡಿ, ನಿಧಾನವಾಗಿ ಮೇಲೇರಿ.

ಸ್ನಾರ್ಕೆಲ್ ಕೊಳವೆಯೊಂದಿಗೆ ಈಜುವವರು ಮೇಲಿನಿಂದಲೇ ಉಸಿರು ತುಂಬಿಕೊಂಡು ಮುಳುಗುವುದರಿಂದ ಅವರಿಗೆ ಈ ಅಪಾಯವಿಲ್ಲ. ಆದರೆ ಮುಳುಗುವ ಮುನ್ನ ರಭಸವಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರಾಡಬೇಕೆಂಬ ತುಡಿತ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಸಾಲದೆ ಎಚ್ಚರ ತಪ್ಪಬಹುದು. ಆದ್ದರಿಂದಲೇ ಒಬ್ಬರು ಮುಳುಗಿದಾಗ ಇನ್ನೊಬ್ಬರು ಮೇಲಿದ್ದು ಗಮನಿಸಬೇಕು.

ನೀವೂ ಮನೆಯವರೊಂದಿಗೆ ಹೊರಡುವುದಾದರೆ ಮಳೆಗಾಲ ಬೇಡ. ಶೀತವಾಗಿ ಮೂಗು ಕಟ್ಟಿದ್ದರೆ ನೀರಿಗಿಳಿಯಬೇಡಿ. ಸ್ಕೂಬಾ ಮುಳುಗಿನ ನಂತರ ವಿಮಾನ ಏರಲು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ 18 ಗಂಟೆ ಕಾಯಿರಿ.

ಆ ದಿನ ಹುಡುಗನಿಗೆ ಇಷ್ಟನ್ನೂ ಹೇಳಲು ಸಮಯವಿರಲಿಲ್ಲ. "ಉಸಿರಾಡುತ್ತಲೇ ಇರು, ಮಗು" ಎಂದಷ್ಟೇ ಹೇಳಿದೆ. ಅವನು ನಗುತ್ತಾ ಮೇಲೆ ಬಂದ.