ಕರ್ಟಿಸನ ಸಸ್ಯಪತ್ರಿಕೆ

ಪದಾರ್ಥಗಳಿಗೆ ನಾಮವೆಂಬುದೊಂದು, ರೂಪವೆಂಬುದೊಂದು. ಇವೆರಡೂ ಒಂದನ್ನೊಂದು ಬಿಟ್ಟುಹೋದರೆ ಶಾಸ್ತ್ರವು ಕುಂಟಾಗುವುದು. ಅಮರಸಿಂಹನು ತನ್ನ ಕೋಶದ ದ್ವಿತೀಯ ಕಾಂಡದಲ್ಲಿ ವನೌಷಧಿವರ್ಗವೆಂಬ ಭಾಗವನ್ನು ಮೀಸಲಾಗಿಟ್ಟು ಗಿಡ, ಮರ, ಬಳ್ಳಿಗಳ ಹೆಸರುಗಳನ್ನು ಶ್ಲೋಕಗಳಲ್ಲಿ ಕಟ್ಟಿಕೊಟ್ಟನು. ಬಾಲ್ಯದಲ್ಲಿ ಅದನ್ನು ಕಂಠಪಾಠ ಮಾಡಿದವರಿಗೆ ಮುಪ್ಪಿನಲ್ಲಿಯೂ ಆ ಹೆಸರುಗಳು ನಾಲಗೆಯ ಮೇಲೆ ನಿಲ್ಲುವುವು. ಆದರೆ ಹಿತ್ತಲಿನಲ್ಲಿ ನಿಂತ ಗಿಡವೊಂದನ್ನು ತೋರಿಸಿ, ‘ಇದು ಶ್ಲೋಕದಲ್ಲಿರುವ ಯಾವ ಹೆಸರಿನದು?’ ಎಂದು ಕೇಳಿದರೆ ಪಂಡಿತನೂ ತಡೆಯಬೇಕಾಗುವುದು. ಬ್ರಾಹ್ಮಿಯೆಂದರೆ ಕೆಲವು ವೈದ್ಯರು ನೆಲದ ಮೇಲೆ ಹರಿದು ದುಂಡನೆಯ ಎಲೆ ಬಿಡುವ ಒಂದೆಲಗವನ್ನು ಕೊಡುವರು. ಮತ್ತೆ ಕೆಲವರು ನೀರಿನಂಚಿನಲ್ಲಿ ಸಣ್ಣ ದಪ್ಪ ಎಲೆಗಳಿಂದ ಬೆಳೆಯುವ ನೀರುಬ್ರಾಹ್ಮಿಯನ್ನು ಕೊಡುವರು. ಹೆಸರು ಒಂದೇ, ಮೂಲಿಕೆಗಳು ಎರಡು. ಇಂಥವನ್ನು ಆಯುರ್ವೇದಜ್ಞರು ಸಂದಿಗ್ಧ ದ್ರವ್ಯಗಳೆಂದು ಕರೆದು ಇಂದಿಗೂ ಚರ್ಚಿಸುತ್ತಿರುವರು.

ಈ ತೊಂದರೆಯು ನಮ್ಮ ದೇಶಕ್ಕೆ ಮಾತ್ರ ಬಂದುದಲ್ಲ. ಐರೋಪ್ಯರು ಇದನ್ನು ಪರಿಹರಿಸಲು ಎರಡು ಉಪಾಯಗಳನ್ನು ಹಿಡಿದರು. ಮೊದಲನೆಯದು, ಒಂದೊಂದು ಸಸ್ಯಕ್ಕೂ ಜಾತಿವಾಚಕವಾದ ಒಂದು ಪದವನ್ನೂ ಭೇದವಾಚಕವಾದ ಇನ್ನೊಂದು ಪದವನ್ನೂ ಕೂಡಿಸಿ ಲ್ಯಾಟಿನ್ ಭಾಷೆಯಲ್ಲಿ ಹೆಸರಿಡುವುದು. ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತನು 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪದ್ಧತಿ ನೆಲೆಗೊಂಡಿತು. ಎರಡನೆಯದು, ಹೆಸರಿನೊಡನೆ ಯಥಾರೂಪವಾದ ಚಿತ್ರವನ್ನೂ ಕೊಡುವುದು. ಡಚ್ಚರ ಅಧಿಕಾರಿ ವಾನ್ ರೀಡನು ಮಲೆಯಾಳ ದೇಶದ ಸಸ್ಯಗಳನ್ನು ಕುರಿತು 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚುಹಾಕಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಮಹಾಗ್ರಂಥವು ಇದಕ್ಕೆ ನಿದರ್ಶನ. ಆದರೆ ಇಂತಹ ದೊಡ್ಡ ಗ್ರಂಥಗಳು ಅರಮನೆಗಳಿಗೂ ವಿದ್ಯಾಪೀಠಗಳಿಗೂ ಒಗ್ಗುವಂತಹವು; ತೋಟದ ಮಾಲಿಗೂ ಸಾಧಾರಣ ಗೃಹಸ್ಥನಿಗೂ ಕೈಗೆಟುಕುವಂತಹವಲ್ಲ. ನಾಮವನ್ನೂ ರೂಪವನ್ನೂ ಕೂಡಿಸಿ ಸ್ವಲ್ಪ ಬೆಲೆಗೆ ತಿಂಗಳು ತಿಂಗಳಿಗೆ ಮನೆಬಾಗಿಲಿಗೆ ಮುಟ್ಟಿಸಿದವನು ಆಂಗ್ಲದೇಶದ ವಿಲಿಯಂ ಕರ್ಟಿಸನು. ಅವನು ಸ್ಥಾಪಿಸಿದ ಪತ್ರಿಕೆಯ ಪೂರ್ವೋತ್ತರವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

ಕರ್ಟಿಸನು 1746ರಲ್ಲಿ ಹ್ಯಾಂಪ್‌ಷೈರ್ ಪ್ರಾಂತದ ಆಲ್ಟನ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ಅಜ್ಜನು ಔಷಧಗಳನ್ನು ಮಾಡಿ ಕೊಡುವವನು. ಹುಡುಗನು ಹದಿನಾಲ್ಕನೆಯ ವಯಸ್ಸಿಗೆ ಅವನಲ್ಲಿಯೇ ಶಿಷ್ಯವೃತ್ತಿಗೆ ನಿಂತನು. ನೆರೆಯ ಛತ್ರದ ಕುದುರೆಲಾಯದ ಆಳೊಬ್ಬನು ಹಳೆಯ ಮೂಲಿಕಾಗ್ರಂಥಗಳನ್ನು ಓದಿ ಹೊಲಗದ್ದೆಗಳ ಗಿಡಗಳನ್ನೆಲ್ಲ ಬಲ್ಲವನಾಗಿದ್ದನೆಂದೂ, ಹುಡುಗನಿಗೆ ಸಸ್ಯಗಳಲ್ಲಿ ರುಚಿ ಹತ್ತಿದುದು ಅವನಿಂದಲೇ ಎಂದೂ ಹೇಳುವರು. ಮುಂದೆ ಕರ್ಟಿಸನು ಲಂಡನ್ ನಗರಕ್ಕೆ ಹೋಗಿ ಔಷಧದ ವೃತ್ತಿಯನ್ನು ಕೈಕೊಂಡರೂ ಅವನ ಮನಸ್ಸು ಅಂಗಡಿಯಲ್ಲಿ ನಿಲ್ಲಲಿಲ್ಲ. ವೃತ್ತಿಯನ್ನು ಬಿಟ್ಟು, ಚೆಲ್ಸಿಯಲ್ಲಿದ್ದ ಔಷಧಿವನದಲ್ಲಿ ವಿದ್ಯಾರ್ಥಿಗಳಿಗೆ ಸಸ್ಯಗಳನ್ನು ತೋರಿಸಿಕೊಡುವ ಉಪಾಧ್ಯಾಯನಾಗಿ 1777ರವರೆಗೆ ಇದ್ದನು. 1779ರಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕೆ ಲ್ಯಾಂಬೆತ್ ಎಂಬಲ್ಲಿ ಸ್ವಂತವಾಗಿ ಒಂದು ಸಸ್ಯೋದ್ಯಾನವನ್ನು ಮಾಡಿ, ಚಂದಾ ಕೊಟ್ಟವರಿಗೆ ಪ್ರವೇಶವಿಟ್ಟನು. ಆದರೆ ನಗರವು ಬೆಳೆದು ಹೊಗೆಯು ಹೆಚ್ಚಿ ಗಿಡಗಳು ಸೊರಗತೊಡಗಿದುದರಿಂದ, ಹತ್ತು ವರ್ಷಗಳಾದ ಬಳಿಕ, 1789ರಲ್ಲಿ, ಆ ತೋಟವನ್ನು ಬ್ರಾಂಪ್ಟನ್ನಿಗೆ ಸಾಗಿಸಬೇಕಾಯಿತು.

ಕರ್ಟಿಸನ ಹೃದಯವು ನೆಟ್ಟಿದ್ದುದು ಬೇರೊಂದು ಕೆಲಸದಲ್ಲಿ. ಲಂಡನ್ನಿನ ಸುತ್ತಮುತ್ತ ಹಳ್ಳದ ದಡದಲ್ಲಿ, ಬೇಲಿಯ ಬುಡದಲ್ಲಿ, ಹಾಳು ಗೋಡೆಯ ಮೇಲೆ ತಾವಾಗಿ ಬೆಳೆಯುವ ಕಾಡುಗಿಡಗಳನ್ನೆಲ್ಲ ಅವುಗಳ ನಿಜವಾದ ಅಳತೆಯಲ್ಲಿಯೇ ಬರೆಯಿಸಿ, ಬಣ್ಣ ಹಾಕಿಸಿ, ವರ್ಣನೆಯೊಡನೆ ಪ್ರಕಟಿಸಬೇಕೆಂಬುದು ಅವನ ಸಂಕಲ್ಪ. ಫ್ಲೋರಾ ಲಾಂಡಿನೆನ್ಸಿಸ್ ಎಂಬ ಆ ಗ್ರಂಥವು ಭಾಗಭಾಗವಾಗಿ ಹೊರಟು 1798ರವರೆಗೂ ಸಾಗಿತು. ಮುಂದೆ ನಗರವು ಹರಡಿ ಅಲ್ಲಿನ ಗದ್ದೆ ಜವುಗುಗಳನ್ನೆಲ್ಲ ಮುಚ್ಚಿಬಿಟ್ಟಿತು. ಆದಕಾರಣ ಎಂತಹ ನೆಲದ ಮೇಲೆ ಆ ಮಹಾನಗರವು ಎದ್ದಿತೆಂಬುದಕ್ಕೆ ಈಗ ಆ ಗ್ರಂಥವೇ ಒಂದು ಸಾಕ್ಷಿಯಾಗಿದೆ. ಪಂಡಿತರು ಅದನ್ನು ಬಹಳವಾಗಿ ಮೆಚ್ಚಿದರು. ಆದರೆ ಕೊಂಡವರು ಮುನ್ನೂರು ಮಂದಿಯನ್ನು ಮೀರಲಿಲ್ಲ. ದಾರಿಯ ಪಕ್ಕದ ಕಳೆಗಿಡದ ಚಿತ್ರಕ್ಕೆ ಹಣ ತೆರುವವರು ಎಲ್ಲಿಯೂ ವಿರಳವಷ್ಟೆ. ಕರ್ಟಿಸನು ಸಾಲದ ಅಂಚಿಗೆ ಬಂದನು.

ಆಗ ಅವನಿಗೆ ಹೊಳೆದ ಉಪಾಯವೇ ಮಾಸಪತ್ರಿಕೆ. ಧನಿಕರ ತೋಟಗಳಿಗೆ ಪರದೇಶಗಳಿಂದ ಹೊಸ ಹೊಸ ಹೂಗಿಡಗಳು ಬಂದಿಳಿಯುತ್ತಿದ್ದ ಕಾಲವದು. ಗಿಡವನ್ನು ನೆಟ್ಟವರು ಅದರ ಹೆಸರೇನು, ಹುಟ್ಟಿದ ದೇಶ ಯಾವುದು, ಅದಕ್ಕೆ ಬಿಸಿಲು ಬೇಕೆ, ನೆರಳು ಬೇಕೆ ಎಂದು ಕೇಳುತ್ತಿದ್ದರು. 1787ರ ಫೆಬ್ರವರಿಯಲ್ಲಿ ಕರ್ಟಿಸನು ‘ಬೊಟಾನಿಕಲ್ ಮ್ಯಾಗಜೀನ್’ ಎಂಬ ಹೆಸರಿನಿಂದ ಮೊದಲನೆಯ ಸಂಚಿಕೆಯನ್ನು ಹೊರಡಿಸಿದನು. ಬೆಲೆ ಒಂದು ಷಿಲಿಂಗು. ಅದರಲ್ಲಿ ಮೂರು ಚಿತ್ರಗಳು. ಒಂದೊಂದು ಚಿತ್ರದೊಡನೆಯೂ ಸಸ್ಯದ ಲ್ಯಾಟಿನ್ ಹೆಸರು, ಲಿನ್ನೇಯಸನ ಕ್ರಮದಲ್ಲಿ ಅದರ ವರ್ಗ, ಹುಟ್ಟಿದ ದೇಶ, ಬೆಳೆಸುವ ವಿಧಾನ ಇವುಗಳ ವಿವರಣೆ. ಮೊದಲನೆಯ ಚಿತ್ರವು ಪಾರಸಿಕ ದೇಶದ ಐರಿಸ್ ಹೂವಿನದು. ತಾವು ಬೆಳೆಸುವ ಗಿಡಗಳನ್ನು ಶಾಸ್ತ್ರೀಯವಾಗಿ ತಿಳಿಯಬೇಕೆಂಬ ಇಚ್ಛೆಯುಳ್ಳ ಸ್ತ್ರೀಯರಿಗೂ ಪುರುಷರಿಗೂ ತೋಟಗಾರರಿಗೂ ಉಪಯೋಗವಾಗಲೆಂದು ಈ ಪ್ರಯತ್ನವೆಂಬ ಅಭಿಪ್ರಾಯವು ಅದರ ಶೀರ್ಷಿಕೆಯ ಪುಟದಲ್ಲಿಯೇ ಕಾಣಬಂದಿತು. ಶಾಸ್ತ್ರವು ಪಂಡಿತರ ಸೊತ್ತಾಗಿದ್ದ ಕಾಲದಲ್ಲಿ ಸ್ತ್ರೀಯರನ್ನೂ ಮಾಲಿಗಳನ್ನೂ ಒಂದೇ ಪಂಕ್ತಿಯಲ್ಲಿ ಕರೆದುದು ಸಾಮಾನ್ಯವಾದ ಧೈರ್ಯವಲ್ಲ.

ಪತ್ರಿಕೆಗೆ ಕೆಲವೇ ಕಾಲದಲ್ಲಿ ಸುಮಾರು ಮೂರು ಸಾವಿರ ಗ್ರಾಹಕರಾದರು. ಕಾಡುಗಿಡಗಳ ಗ್ರಂಥವು ತನಗೆ ಹೊಗಳಿಕೆಯನ್ನು ತಂದಿತು, ಹೂಗಿಡಗಳ ಪತ್ರಿಕೆಯು ‘ಪುಡ್ಡಿಂಗ್’ ತಂದಿತು ಎಂಬ ಭಾವದಿಂದ ಕರ್ಟಿಸನು ವಿನೋದವಾಗಿ ಆಡುತ್ತಿದ್ದನಂತೆ. ಪುಡ್ಡಿಂಗ್ ಎಂಬುದು ಅವರ ದೇಶದ ಸಿಹಿ ಭಕ್ಷ್ಯ. ನಮ್ಮ ಮಾತಿನಲ್ಲಾದರೆ ಒಂದು ಹೊಗಳಿಕೆಯನ್ನು ತಂದಿತು, ಒಂದು ಹೋಳಿಗೆಯನ್ನು ತಂದಿತು ಎನ್ನಬಹುದು. ಈ ವಿನೋದದ ಒಳಗೆ ಒಂದು ಸತ್ಯವಿದೆ. ಹೋಳಿಗೆಯನ್ನು ತಂದ ಪತ್ರಿಕೆಯ ಆದಾಯವಿದ್ದುದರಿಂದಲೇ ಹೊಗಳಿಕೆಯನ್ನು ಮಾತ್ರ ತಂದ ಗ್ರಂಥವು ನಡುವೆ ನಿಂತುಹೋಗದೆ ಇನ್ನೂ ಹನ್ನೊಂದು ವರ್ಷ ನಡೆಯಿತು.

ಆ ಕಾಲದಲ್ಲಿ ಬಣ್ಣದ ಅಚ್ಚು ಇಂದಿನಂತೆ ಇರಲಿಲ್ಲ. ತಾಮ್ರದ ತಗಡಿನ ಮೇಲೆ ಕೊರೆದ ಗೆರೆಗಳನ್ನು ಕಪ್ಪು ಮಸಿಯಿಂದ ಒತ್ತಿ, ಆಮೇಲೆ ಒಂದೊಂದು ಹಾಳೆಗೂ ಕೈಯಿಂದಲೇ ಬಣ್ಣ ತುಂಬಬೇಕಾಗಿತ್ತು. ಮೂರು ಸಾವಿರ ಪ್ರತಿಗಳಿಗೆ, ಪ್ರತಿಯೊಂದಕ್ಕೆ ಮೂರರಂತೆ, ತಿಂಗಳಿಗೆ ಒಂಬತ್ತು ಸಾವಿರ ಹಾಳೆಗಳಾದವು. ಈ ಕೆಲಸಕ್ಕೆ ಕೆಲವು ವೇಳೆ ಮೂವತ್ತು ಮಂದಿಯವರೆಗೂ ಕುಳಿತಿರುತ್ತಿದ್ದರು. ಹಾಗಾದರೆ ಒಬ್ಬೊಬ್ಬರ ಪಾಲಿಗೂ ತಿಂಗಳಿಗೆ ಮುನ್ನೂರು. ಚಿತ್ರಕಾರನು ಬರೆದ ಮೂಲಪಟವನ್ನು ಎದುರಿಗಿಟ್ಟುಕೊಂಡು, ದಳಕ್ಕೆ ಇಷ್ಟು ಕೆಂಪು, ತೊಟ್ಟಿಗೆ ಇಷ್ಟು ಹಸುರು ಎಂದು ಅಳೆದು ತುಂಬಬೇಕು. ಬಣ್ಣ ತಪ್ಪಿದರೆ ಚಿತ್ರದ ಪ್ರಾಮಾಣ್ಯವೇ ತಪ್ಪಿತು. ನಮ್ಮಲ್ಲಿ ತಾಳೆಯೋಲೆಯ ಲಿಪಿಕಾರನು ಗ್ರಂಥದ ಕೊನೆಯಲ್ಲಿ ತನ್ನ ಹೆಸರನ್ನಾದರೂ ಕೆಲವೊಮ್ಮೆ ಬರೆದುಕೊಳ್ಳುತ್ತಿದ್ದನು. ಈ ಬಣ್ಣಗಾರರಿಗೆ ಪತ್ರಿಕೆಯಲ್ಲಿ ಆ ಭಾಗ್ಯವೂ ಇರಲಿಲ್ಲ.

ಮೂಲಪಟಗಳನ್ನು ಬರೆದವರ ಹೆಸರುಗಳು ಮಾತ್ರ ಉಳಿದಿವೆ. ಮೊದಲಲ್ಲಿ ಜೇಮ್ಸ್ ಸೊವರ್ಬಿಯೂ ಸಿಡನ್‌ಹ್ಯಾಮ್ ಎಡ್ವರ್ಡ್ಸನೂ ಮುಖ್ಯರು. ಎಡ್ವರ್ಡ್ಸನು ವೇಲ್ಸ್ ಪ್ರಾಂತದ ಬಡ ಉಪಾಧ್ಯಾಯನೊಬ್ಬನ ಮಗ. ಬಾಲ್ಯದಲ್ಲಿ ಅವನು ಫ್ಲೋರಾ ಗ್ರಂಥದ ಪಟಗಳನ್ನು ನೋಡಿ ನಕಲು ಮಾಡಿದ್ದನ್ನು ಕೇಳಿ ಕರ್ಟಿಸನು ಅವನನ್ನು ಲಂಡನ್ನಿಗೆ ಕರೆಯಿಸಿಕೊಂಡು ಶಿಕ್ಷಣ ಕೊಡಿಸಿದನು. ಅವನು ಪತ್ರಿಕೆಗಾಗಿ ಸಾವಿರದ ಏಳುನೂರಕ್ಕೂ ಮಿಗಿಲಾದ ಚಿತ್ರಗಳನ್ನು ಬರೆದನು. ಕರ್ಟಿಸನು 1799ರಲ್ಲಿ ತೀರಿಕೊಂಡ ಬಳಿಕ ಜಾನ್ ಸಿಮ್ಸ್ ಎಂಬ ವೈದ್ಯನು ಸಂಪಾದಕನಾದನು. ಪತ್ರಿಕೆಗೆ ಸ್ಥಾಪಕನ ಹೆಸರನ್ನು ಸೇರಿಸಿ ಕರೆಯುವುದು ಆಗ ರೂಢಿಗೆ ಬಂದಿತು. ಆದರೆ 1815ರಲ್ಲಿ ಎಡ್ವರ್ಡ್ಸನು ವೈಮನಸ್ಯದಿಂದ ಹೊರಟುಹೋಗಿ ತಾನೇ ಒಂದು ಪ್ರತಿಸ್ಪರ್ಧಿ ಪತ್ರಿಕೆಯನ್ನು ತೆಗೆದನು. ಕರ್ಟಿಸನ ಪತ್ರಿಕೆಯ ಗ್ರಾಹಕರು ಬಹಳವಾಗಿ ಇಳಿದರು.

ಅದನ್ನು ಎತ್ತಿ ನಿಲ್ಲಿಸಿದವನು ಗ್ಲಾಸ್ಗೋ ವಿದ್ಯಾಪೀಠದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಹೂಕರನು. ಸಂಪಾದಕತ್ವವು ಅವನ ಕೈಗೆ ಬಂದುದು 1827ರಲ್ಲಿ. ಬಟ್ಟೆಗಳ ಮೇಲೆ ಅಚ್ಚೊತ್ತುವ ಕಾರ್ಖಾನೆಯಲ್ಲಿ ನಕ್ಷೆ ಬರೆಯಲು ಕಲಿಯುತ್ತಿದ್ದ ವಾಲ್ಟರ್ ಫಿಚ್ ಎಂಬ ಹುಡುಗನನ್ನು ಗುರುತಿಸಿ ತಂದವನೂ ಅವನೇ. ಫಿಚ್ಚನ ಮೊದಲ ಚಿತ್ರವು 1834ರಲ್ಲಿ ಪ್ರಕಟವಾಯಿತು. 1841ರಲ್ಲಿ ಹೂಕರನು ಕ್ಯೂ ಎಂಬಲ್ಲಿನ ರಾಜಕೀಯ ಸಸ್ಯೋದ್ಯಾನಕ್ಕೆ ಅಧ್ಯಕ್ಷನಾಗಿ ಬರಲು, ಪತ್ರಿಕೆಯೂ ಚಿತ್ರಕಾರನೂ ಅವನೊಡನೆ ಬಂದರು. ಅಂದಿನಿಂದ ಕ್ಯೂ ತೋಟಕ್ಕೂ ಪತ್ರಿಕೆಗೂ ಬಿಡಿಸಲಾಗದ ನಂಟು ಬೆಳೆಯಿತು. ಹೂಕರನ ಮಗನಾದ ಜೋಸೆಫನು ಸಿಕ್ಕಿಮಿನ ಪರ್ವತಗಳಿಂದ ಕಳುಹಿಸಿದ ಬೀಜಗಳು ಅಲ್ಲಿ ಮೊಳೆತು ಹೂಬಿಟ್ಟಾಗ, ಹಿಮಾಲಯದ ಆ ಹೂಗಳೂ ಇದರ ಪುಟಗಳಲ್ಲಿ ನೆಲೆಸಿದವು.

1847ರ ಜನವರಿಯ ಸಂಚಿಕೆಯು ಪ್ರಸಿದ್ಧವಾದುದು. ದಕ್ಷಿಣ ಅಮೆರಿಕದ ನದಿಗಳಲ್ಲಿ ಬೆಳೆಯುವ ವಿಕ್ಟೋರಿಯಾ ನೈದಿಲೆಯು ಆಂಗ್ಲದೇಶದಲ್ಲಿ ಇನ್ನೂ ಹೂಬಿಟ್ಟಿರಲಿಲ್ಲ. ಆದರೂ ಹೂಕರನು ಇಡೀ ಸಂಚಿಕೆಯನ್ನು ಅದೊಂದಕ್ಕೇ ಮೀಸಲಿಟ್ಟನು. ಚಿತ್ರಗಳು ಫಿಚ್ಚನವು. ತಟ್ಟೆಯಂತೆ ಅಂಚು ಮೇಲಕ್ಕೆ ಮಡಿಸಿದ ಆ ಎಲೆಯ ಕೆಳಭಾಗದಲ್ಲಿ, ತೊಲೆ ಅಡ್ಡತೊಲೆಗಳಂತೆ ಹೆಣೆದ ದಪ್ಪ ನರಗಳು. ಗಿಡವು 1849ರ ನವಂಬರಿನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ಎಂಬ ತೋಟಗಾರನ ಆರೈಕೆಯಲ್ಲಿ ಚಾಟ್ಸ್‌ವರ್ತಿನಲ್ಲಿ ಮೊದಲ ಬಾರಿ ಹೂಬಿಟ್ಟಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಕಬ್ಬಿಣ ಗಾಜುಗಳ ಸ್ಫಟಿಕಸೌಧವನ್ನು ರಚಿಸಿದವನೂ ಈ ಪ್ಯಾಕ್ಸ್ಟನ್ನನೇ. ತನ್ನ ಕಟ್ಟಡದ ತತ್ತ್ವವನ್ನು ವಿವರಿಸುವಾಗ ಆ ಎಲೆಯ ನರಗಳನ್ನು ಅವನು ದೃಷ್ಟಾಂತವಾಗಿ ಕೊಟ್ಟನು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯು ಆ ಸೌಧದ ಮಾದರಿಯನ್ನೇ ಅನುಸರಿಸಿದುದು. ಆಗ ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮರೂನನು ಕ್ಯೂ ತೋಟದಲ್ಲಿ ಶಿಕ್ಷಣ ಪಡೆದವನೇ. ಗಾಜಿನ ಮನೆಯ ಕಬ್ಬಿಣದ ಕಮಾನುಗಳ ಕೆಳಗೆ ಫಲಪುಷ್ಪ ಪ್ರದರ್ಶನವನ್ನು ನೋಡಿ ಬರುವ ನಮ್ಮ ಜನರು, ಆ ಕಟ್ಟಡದ ವಂಶಾವಳಿಯಲ್ಲಿ ಒಂದು ನೀರುಹೂವಿನ ಎಲೆಯೂ ಸೇರಿದೆಯೆಂಬುದನ್ನು ನೆನೆಯಬಹುದು.

ಫಿಚ್ಚನು ಪತ್ರಿಕೆಗಾಗಿ ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟನು. ನಾಲ್ವತ್ತು ವರ್ಷಗಳ ಮೇಲೆ ಹೀಗೆ ದುಡಿದು, 1877ರಲ್ಲಿ, ಸಂಭಾವನೆಯ ವಿಷಯವಾಗಿ ಜೋಸೆಫ್ ಹೂಕರನೊಡನೆ ಮನಸ್ತಾಪ ಬಂದು ಬಿಟ್ಟುಹೋದನು. ಇಲ್ಲಿಯೂ ಹೊಗಳಿಕೆಗೂ ಹೋಳಿಗೆಗೂ ಇರುವ ಹಳೆಯ ವ್ಯಾಜ್ಯವೇ. ಕೀರ್ತಿಯು ಪತ್ರಿಕೆಗೆ ಬಂದಿತು. ಚಿತ್ರಕಾರನಿಗೆ ಅದರ ತಕ್ಕ ಪಾಲು ಬಂದಿತೆಂದು ಅವನಿಗೆ ತೋರಲಿಲ್ಲ.

ಅವನ ತರುವಾಯ ಈ ಭಾರವನ್ನು ಹೊತ್ತವಳು ಹೂಕರನ ಬಂಧುವಾದ ಮಟಿಲ್ಡಾ ಸ್ಮಿತ್ ಎಂಬಾಕೆ. ಈಕೆಯು 1854ರಲ್ಲಿ ಹುಟ್ಟಿದುದು ನಮ್ಮ ಮುಂಬಯಿಯಲ್ಲಿ. 1878ರಿಂದ 1923ರವರೆಗೆ ಎರಡು ಸಾವಿರದ ಮುನ್ನೂರಕ್ಕೂ ಮಿಕ್ಕ ಚಿತ್ರಗಳನ್ನು ಬರೆದಳು. ದೂರದೇಶಗಳಿಂದ ಒಣಗಿ ಮುದುಡಿ ಬಂದ ಮಾದರಿಗಳನ್ನು ಪರೀಕ್ಷಿಸಿ, ಅವು ಬದುಕಿದ್ದಾಗ ಹೇಗಿದ್ದುವೋ ಹಾಗೆ ಬರೆಯುವುದರಲ್ಲಿ ಆಕೆಗೆ ವಿಶೇಷವಾದ ಹೆಸರಿದ್ದಿತು. ಪತ್ರಿಕೆಯ ಮೊದಲ ಪುಟವು ಸ್ತ್ರೀಯರನ್ನು ವಾಚಕರಾಗಿ ಕರೆದಿತ್ತು. ಶತಮಾನವೊಂದು ಕಳೆಯುವಷ್ಟರಲ್ಲಿ ಅದರ ಪ್ರಧಾನ ಚಿತ್ರಕಾರಳು ಒಬ್ಬ ಸ್ತ್ರೀಯೇ ಆದಳು.

ಮೊದಲನೆಯ ಮಹಾಯುದ್ಧವು ಮುಗಿದಾಗ ಖರ್ಚು ಏರಿ ಆದಾಯವು ಕುಗ್ಗಿ, 1920ರ ತರುವಾಯ ಪ್ರಕಾಶಕರು ಕೈಬಿಟ್ಟರು. ಸಸ್ಯಾಭಿಮಾನಿಗಳಾದ ಕೆಲವು ಗೃಹಸ್ಥರು ಹಣ ಕೂಡಿಸಿ ಹಕ್ಕನ್ನು ಕೊಂಡು ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಗೆ ಒಪ್ಪಿಸಿದುದರಿಂದ 1922ರಲ್ಲಿ ಪತ್ರಿಕೆಗೆ ಪುನಃ ಜೀವ ಬಂದಿತು. ಅಷ್ಟು ಹೊತ್ತಿಗೆ ಬಣ್ಣದ ಅಚ್ಚು ಎಲ್ಲೆಡೆಯೂ ಹರಡಿದ್ದರೂ ಇಲ್ಲಿ ಮಾತ್ರ ಕೈಬಣ್ಣವೇ ನಡೆಯುತ್ತಿತ್ತು. ಕಡೆಗೆ ಆ ಕೆಲಸವನ್ನು ಬಲ್ಲವರು ಸಿಕ್ಕದಂತಾಗಿ 1948ರಲ್ಲಿ ಅದು ನಿಂತಿತು. 1787ರಿಂದ ಲೆಕ್ಕವಿಟ್ಟರೆ ನೂರರವತ್ತೊಂದು ವರ್ಷಗಳು! ಅಷ್ಟು ಕಾಲ ತಲೆಮಾರಿನಿಂದ ತಲೆಮಾರಿಗೆ ಕುಂಚ ಹಿಡಿದ ಕೈಗಳು ಎಷ್ಟಿದ್ದುವೋ! 1984ರಲ್ಲಿ ಪತ್ರಿಕೆಯು ‘ಕ್ಯೂ ಮ್ಯಾಗಜೀನ್’ ಎಂದು ಹೆಸರನ್ನು ಬದಲಾಯಿಸಿಕೊಂಡಿತಾದರೂ, 1995ರಲ್ಲಿ ಸ್ಥಾಪಕನ ಹೆಸರನ್ನೇ ಮತ್ತೆ ಧರಿಸಿ ಇಂದಿಗೂ ಹೊರಡುತ್ತಿದೆ. ಅದರ ಚಿತ್ರಗಳ ಸಂಖ್ಯೆಯು ಹನ್ನೊಂದು ಸಾವಿರವನ್ನು ಮೀರಿದೆ.

ಸಸ್ಯಶಾಸ್ತ್ರಜ್ಞರು ಇಂದಿಗೂ ಒಂದು ಗಿಡದ ಹೆಸರನ್ನು ನಿಶ್ಚಯಿಸಬೇಕಾದಾಗ, ಕರ್ಟಿಸನ ಪತ್ರಿಕೆಯ ಇಂಥ ಸಂಖ್ಯೆಯ ಚಿತ್ರವನ್ನು ನೋಡಿರೆಂದು ಪ್ರಮಾಣವಾಗಿ ಸೂಚಿಸುವರು. ಎಷ್ಟೋ ಸಸ್ಯಗಳ ಹೆಸರು ಮೊದಲಿಗೆ ಪ್ರಕಟವಾದುದೇ ಈ ಪುಟಗಳಲ್ಲಿ. ನಾಮಕ್ಕೆ ರೂಪವು ಜೊತೆಗೂಡಿದ್ದರಿಂದ ವಿವಾದಕ್ಕೆ ಎಡೆಯು ಕಡಮೆಯಾಯಿತು. ನಮ್ಮ ಬ್ರಾಹ್ಮಿಗೂ ಹಿಂದಿನ ಕಾಲದಲ್ಲಿಯೇ ಶ್ಲೋಕದ ಮಗ್ಗುಲಲ್ಲಿ ಇಂತಹದೊಂದು ಚಿತ್ರವಿದ್ದಿದ್ದರೆ ವೈದ್ಯರ ಚರ್ಚೆಯು ಎಂದೋ ಮುಗಿಯುತ್ತಿತ್ತು. ಕರ್ಟಿಸನು ಧನಿಕನಲ್ಲ, ಮಹಾಪಂಡಿತನೆಂಬ ಬಿರುದನ್ನು ಪಡೆದವನೂ ಅಲ್ಲ. ತಿಂಗಳಿಗೆ ಒಂದು ಷಿಲಿಂಗು ಕೊಟ್ಟು ಸಂಚಿಕೆಯ ದಾರಿ ಕಾಯುತ್ತಿದ್ದ ಸಾಮಾನ್ಯ ಗೃಹಸ್ಥರೂ, ಒಂದು ದಳಕ್ಕೂ ಬಣ್ಣ ತಪ್ಪಿಸದೆ ದಿನವೆಲ್ಲ ಕುಳಿತಿದ್ದ ಹೆಸರಿಲ್ಲದ ಕೆಲಸಗಾರರೂ ಅವನ ಪತ್ರಿಕೆಯನ್ನು ಉಳಿಸಿದರು. ಅದರ ಚರಿತ್ರೆಯನ್ನು ಬರೆಯುವವರು ಸಂಪಾದಕರ ಹೆಸರುಗಳೊಡನೆ ಈ ಇಬ್ಬರನ್ನೂ ಸ್ಮರಿಸುವುದು ನ್ಯಾಯ.